ವಿದ್ಯುತ್ ಬೇಟೆ ವಾಹನ
ಅಮೆರಿಕದ ಖಾಸಗಿ ಬೇಟೆ ಜಮೀನುಗಳಲ್ಲಿ ಓಡಾಡಲು, ಹೊಡೆದ ಜಿಂಕೆಯನ್ನು ಹೇರಿಕೊಂಡು ಬರಲು ಬಳಸುವ ಬ್ಯಾಟರಿಚಾಲಿತ ನಾಲ್ಕು ಚಕ್ರದ ಗಾಡಿ. ಮಿಸಿಸಿಪ್ಪಿಯ ನ್ಯಾಚೆಜ್‌ನಲ್ಲಿ ಹುಟ್ಟಿದ ಬ್ಯಾಡ್ ಬಾಯ್ ಬಗ್ಗಿ ಇದರ ಆರಂಭದ ಮಾದರಿಗಳಲ್ಲೊಂದು. ಪೊಲಾರಿಸ್ ಕಂಪನಿ 2021ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ರೇಂಜರ್ ಎಕ್ಸ್‌ಪಿ ಕೈನೆಟಿಕ್‌ನ ಮೋಟರಿಗೆ 110 ಅಶ್ವಶಕ್ತಿ. ಅದರ ಚಿಕ್ಕ ಬ್ಯಾಟರಿ ಒಮ್ಮೆ ಚಾರ್ಜ್ ಮಾಡಿದರೆ ಓಡುತ್ತದೆಂದು ಕಂಪನಿ ಹೇಳುವ ದೂರ ಸುಮಾರು 72 ಕಿ.ಮೀ. ಈ ಅಂಕಿಯೊಂದನ್ನೇ ನಂಬಿ ಕೊಳ್ಳಬಾರದು. ಜಿಂಕೆ ಬೇಟೆ ನಡೆಯುವುದು ಹೆಚ್ಚಾಗಿ ಚಳಿಯಲ್ಲಿ. ಆಗ ಬ್ಯಾಟರಿ ಸೊರಗುತ್ತದೆ, ಕೆಸರು ಮತ್ತು ಏರುದಾರಿ ಇನ್ನಷ್ಟು ಹೀರುತ್ತವೆ. ಎಂಜಿನ್ ಇಲ್ಲವೆಂದ ಮಾತ್ರಕ್ಕೆ ಸದ್ದೇ ಇಲ್ಲವೆಂದಲ್ಲ. ಟೈರಿನಡಿ ಜಲ್ಲಿ ಕರಕರ ಎನ್ನುತ್ತದೆ, ಹಿಂಬದಿಯ ಸಡಿಲ ಬಾಗಿಲು ಗಡಗಡಿಸುತ್ತದೆ. ಜಿಂಕೆಯ ಕಿವಿಗೆ ಅಷ್ಟು ಸಾಕು. ಕೊಳ್ಳುವ ಮುನ್ನ ತರಗೆಲೆಯ ಮೇಲೆ ನಿಧಾನವಾಗಿ ಓಡಿಸಿ ಕಿವಿಗೊಟ್ಟು ಕೇಳಲೇಬೇಕು. ಬ್ಯಾಟರಿಯ ಬಗೆಯನ್ನೂ ನೋಡಬೇಕು: ಸೀಸ-ಆಮ್ಲ ಬ್ಯಾಟರಿ ಅಗ್ಗ, ಆದರೆ ಭಾರ. ಕಾನೂನೂ ನೆನಪಿರಲಿ: ಅಮೆರಿಕದ ಹಲವು ರಾಜ್ಯಗಳಲ್ಲಿ ವಾಹನದಲ್ಲಿ ಕುಳಿತು ಗುಂಡು ಹಾರಿಸುವುದು ನಿಷಿದ್ಧ.