ಮಾರ್ಚ್ 31ರ ಪೊಲೀಸರು

ಕೆಲಸಕ್ಕೆ ಸೇರಿದ ಮೊದಲ ಮೂರು ವರ್ಷ ನಾನು ಕಾಂಟ್ರ್ಯಾಕ್ಟ್ ಮೇಲಿದ್ದೆ. ಪ್ರತಿ ಮಾರ್ಚ್ 31ಕ್ಕೆ ಒಪ್ಪಂದ ಮುಗಿಯೋದು. ಮಾರ್ಚ್ 20 ದಾಟಿದರೂ ರಿನ್ಯೂವಲ್ ಮೇಲ್ ಬರುತ್ತಿರಲಿಲ್ಲ. ಕೇಳಿದರೆ, "ಫೈಲ್ ಫೈನಾನ್ಸ್‌ನಲ್ಲಿದೆ, ಆಗುತ್ತೆ ಬಿಡಿ" ಅನ್ನೋರು. ಆಗುತ್ತಿತ್ತು ಕೂಡ. ಆದರೆ ಆ ಹತ್ತು ದಿನ ಹೊಸ ಲ್ಯಾಪ್‌ಟಾಪ್ ಕೇಳುವ ಧೈರ್ಯ ಇರುತ್ತಿರಲಿಲ್ಲ, ಸಂಬಳದ ಮಾತಂತೂ ದೂರ. ಹೊಸ ಒಪ್ಪಂದ ಬಂದಾಗ ಓದದೇ ಸಹಿ ಹಾಕುತ್ತಿದ್ದೆ. ನಿಮ್ಮಲ್ಲಿ ಬಹಳ ಜನ ಹೀಗೇ ಸಹಿ ಹಾಕಿರುತ್ತೀರಿ.

2023ರಲ್ಲಿ ಕೆನಡಾದ ಒಂದು ಕೋರ್ಟ್ ಸುದ್ದಿ ಓದುವಾಗ ಆ ಹತ್ತು ದಿನ ನೆನಪಾದವು. ಕೆನಡಾ ಸರ್ಕಾರದ ಹಣಕಾಸು ವರ್ಷವೂ ನಮ್ಮ ಹಾಗೇ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆ ದಿನ ಒಂಟಾರಿಯೊ ಪ್ರಾಂತ್ಯದ ಮೂರು ಪೊಲೀಸ್ ಪಡೆಗಳ ಒಪ್ಪಂದ ಮುಗಿದು ಹಣ ನಿಂತುಹೋಗಿತ್ತು. ಟ್ರೀಟಿ ತ್ರೀ, ಯುಸಿಸಿಎಂ ಅನಿಶಿನಾಬೆ, ಅನಿಶಿನಾಬೆಕ್ ಅಂತ ಅವುಗಳ ಹೆಸರು. ಮೂರೂ ಅಲ್ಲಿನ ಮೂಲನಿವಾಸಿಗಳು, ಅಂದರೆ ಫಸ್ಟ್ ನೇಷನ್ಸ್ ಸಮುದಾಯಗಳು, ತಮ್ಮ ಊರುಗಳಿಗಾಗಿ ತಾವೇ ನಡೆಸುವ ಪೊಲೀಸ್ ಪಡೆಗಳು. ನಲವತ್ತಕ್ಕೂ ಹೆಚ್ಚು ಊರುಗಳ ಕಾವಲು ಅವರದು.

ಪೊಲೀಸ್ ಠಾಣೆಗೂ ರಿನ್ಯೂವಲ್ ಇರುತ್ತಾ? ಜಯನಗರದ ಠಾಣೆ ಏಪ್ರಿಲ್ 1ರಿಂದ ಇರುತ್ತೋ ಇಲ್ಲವೋ ಅಂತ ನಾವು ಯಾವತ್ತಾದರೂ ಯೋಚಿಸಿದ್ದೇವಾ? ಟೊರಾಂಟೊದವರೂ ಯೋಚಿಸುವುದಿಲ್ಲ. ಅಲ್ಲಿ ಪೊಲೀಸ್ ಅಂದರೆ ಕಾನೂನಿನ ಪ್ರಕಾರ ಇರಲೇಬೇಕಾದ ಸೇವೆ. ಮೂಲನಿವಾಸಿಗಳ ಊರಿನಲ್ಲಿ ಮಾತ್ರ ಅದು ಒಂದು 'ಪ್ರೋಗ್ರಾಮ್'. ಈ ಒಂದು ಪದದ ಹಿಂದೆ ನೂರೈವತ್ತು ವರ್ಷಗಳ ಕಥೆ ಇದೆ.

1873ರಲ್ಲಿ ಕೆನಡಾ ಸರ್ಕಾರ ತನ್ನ ಪಶ್ಚಿಮದ ಬಯಲುಗಳಿಗಾಗಿ ನಾರ್ತ್ ವೆಸ್ಟ್ ಮೌಂಟೆಡ್ ಪೊಲೀಸ್ ಎಂಬ ಕುದುರೆ ಪೊಲೀಸ್ ಪಡೆ ಕಟ್ಟಿತು. ಇವತ್ತು ಪೋಸ್ಟ್‌ಕಾರ್ಡಿನಲ್ಲಿ ಕೆಂಪು ಕೋಟು, ಅಗಲ ಟೋಪಿ ಹಾಕಿ ನಿಲ್ಲುವ ಆರ್‌ಸಿಎಂಪಿಯ ಪೂರ್ವಜರು ಇವರು. ಅಮೆರಿಕದ ಕಡೆಯಿಂದ ಬಂದು ಸಾರಾಯಿ ಮಾರುವವರನ್ನು ಓಡಿಸುವುದು ಅವರ ಮೊದಲ ಕೆಲಸಗಳಲ್ಲಿ ಒಂದು. ಅದನ್ನು ಮೂಲನಿವಾಸಿಗಳ ಹಲವು ನಾಯಕರೂ ಒಪ್ಪಿದ್ದರು. ಆದರೆ ಆ ಬಯಲನ್ನು ಹೊರಗಿನಿಂದ ಬರುವ ರೈತರಿಗೆ, ರೈಲಿಗೆ ಸಜ್ಜು ಮಾಡುವುದೂ ಅದೇ ಪಡೆಯ ಕೆಲಸವಾಗಿತ್ತು. ಅಲ್ಲಿ ಮೊದಲಿಂದ ಬದುಕಿದ್ದವರು ರಿಸರ್ವ್ ಎಂಬ ಮೀಸಲು ಜಾಗಗಳಿಗೆ ಸರಿಯಬೇಕಾಯಿತು.

1885ರಲ್ಲಿ ವಾಯುವ್ಯ ಭಾಗದಲ್ಲಿ ಬಂಡಾಯ ಎದ್ದಿತು. ಅದನ್ನು ಅಡಗಿಸಿದ ಮೇಲೆ ಪಾಸ್ ಪದ್ಧತಿ ಬಂತು. ರಿಸರ್ವ್ ಬಿಟ್ಟು ಹೊರಗೆ ಹೋಗಬೇಕೆಂದರೆ ಸರ್ಕಾರಿ ಏಜೆಂಟನ ಸಹಿ ಇರುವ ಚೀಟಿ ಬೇಕು. ಮಗಳ ಮನೆಗೆ ಹೋಗಲಿಕ್ಕೂ ಚೀಟಿ, ದನ ಮಾರಲಿಕ್ಕೂ ಚೀಟಿ. ಇದಕ್ಕೆ ಸಂಸತ್ತು ಯಾವ ಕಾಯ್ದೆಯನ್ನೂ ಮಾಡಿರಲಿಲ್ಲ. ಇದು ಕಾನೂನುಬಾಹಿರ ಅಂತ ಪೊಲೀಸ್ ಅಧಿಕಾರಿಗಳಲ್ಲೇ ಕೆಲವರಿಗೆ ಅನುಮಾನ ಇತ್ತು. ಆದರೂ ಪದ್ಧತಿ ದಶಕಗಳ ಕಾಲ ನಡೆಯಿತು. ಕಾಯ್ದೆ ಇಲ್ಲದೆ, ಬರೀ ಇಲಾಖೆಯ ಆಡಳಿತದಿಂದಲೇ ಜನರ ಬದುಕನ್ನು ಕಟ್ಟಿಹಾಕಬಹುದು ಅನ್ನೋದನ್ನು ಸರ್ಕಾರ ಆಗಲೇ ಕಲಿತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಹುಬ್ಬಳ್ಳಿಯವನು. ನಮ್ಮೂರಲ್ಲಿ ಸೆಟ್ಲಮೆಂಟ್ ಅಂತ ಒಂದು ಏರಿಯಾ ಇದೆ. ಚಿಕ್ಕವನಿದ್ದಾಗ ಆ ಹೆಸರು ಯಾಕೆ ಬಂತು ಅಂತ ಯಾರನ್ನೂ ಕೇಳಲಿಲ್ಲ. ಕಾಲೇಜು ಮುಗಿದ ಮೇಲೆ ಗೊತ್ತಾಯಿತು: ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಕರೆಯಿತು. ಮುಂದೆ ಅಂಥವರನ್ನು ಹಾಜರಿ, ಪಾಸ್‌ಗಳ ಕಾವಲಿನಲ್ಲಿ ಇಡುವ ಸೆಟ್ಲಮೆಂಟ್‌ಗಳು ಬಂದವು. ಅಂಥದ್ದೊಂದು ನಮ್ಮ ಹುಬ್ಬಳ್ಳಿಯಲ್ಲಿತ್ತು. 1952ರಲ್ಲಿ ಆ ಕಾಯ್ದೆ ರದ್ದಾಯಿತು, ಏರಿಯಾದ ಹೆಸರು ಉಳಿಯಿತು. ಕೆನಡಾದ ಪಾಸ್ ಪದ್ಧತಿ ಓದಿದಾಗ ನನಗೆ ಅದು ದೂರದ ದೇಶದ ಕಥೆ ಅನ್ನಿಸಲಿಲ್ಲ. ಎರಡೂ ಒಂದೇ ಸಾಮ್ರಾಜ್ಯದ, ಒಂದೇ ಕಾಲದ ಅಭ್ಯಾಸ. ಎರಡೂ ಕಡೆ ಪೊಲೀಸ್ ಅಂದರೆ ಹೊರಗಿನವರನ್ನು ಇವರಿಂದ ಕಾಯುವವನು. ಇವರನ್ನು ಕಾಯುವುದು ಅವನ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ.

ಕೆನಡಾಕ್ಕೆ ವಾಪಸ್ ಬರೋಣ. 1920ರಲ್ಲಿ ಇಂಡಿಯನ್ ಆ್ಯಕ್ಟ್ ತಿದ್ದುಪಡಿಯಾಯಿತು. ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಸೇರಿಸುವುದನ್ನು ಕಡ್ಡಾಯ ಮಾಡುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಮಕ್ಕಳನ್ನು ಮನೆಯಿಂದ ಕರೆದೊಯ್ಯಲು, ತಪ್ಪಿಸಿಕೊಂಡವರನ್ನು ಹಿಡಿದು ತರಲು ಪೊಲೀಸರು ಬರುತ್ತಿದ್ದರು. ಆ ಶಾಲೆಗಳ ಇಡೀ ಇತಿಹಾಸದಲ್ಲಿ ಅಲ್ಲಿಗೆ ಹೋದ ಮಕ್ಕಳು ಸುಮಾರು 1,50,000. ಅವರಲ್ಲಿ ಸಾವಿರಾರು ಮಂದಿ ಮನೆಗೆ ಮರಳಲೇ ಇಲ್ಲ. 2004ರಲ್ಲಿ ಆರ್‌ಸಿಎಂಪಿ ಮುಖ್ಯಸ್ಥರು ಇದಕ್ಕಾಗಿ ಕ್ಷಮೆ ಕೇಳಿದರು. ಬಾಗಿಲು ತಟ್ಟುವ ಪೊಲೀಸನನ್ನು ಕಂಡರೆ ಅಜ್ಜಿಯಂದಿರು ಮೊಮ್ಮಕ್ಕಳನ್ನು ಯಾಕೆ ಬಚ್ಚಿಡುತ್ತಿದ್ದರು ಅನ್ನೋದಕ್ಕೆ ಬೇರೆ ವಿವರಣೆ ಬೇಡ.

ಪೊಲೀಸ್ ಬಂದರೂ ಭಯ, ಬರದಿದ್ದರೂ ಭಯ. 1971ರ ಎರಡು ಪ್ರಕರಣ ನೋಡಿ. ನೋವಾ ಸ್ಕೋಷಿಯಾದಲ್ಲಿ ಡೊನಾಲ್ಡ್ ಮಾರ್ಷಲ್ ಜೂನಿಯರ್ ಎಂಬ 17 ವರ್ಷದ ಮಿಕ್‌ಮಾ ಹುಡುಗನನ್ನು ಮಾಡದ ಕೊಲೆಗೆ ಜೈಲಿಗೆ ಹಾಕಿದರು. ಅವನು 11 ವರ್ಷ ಒಳಗಿದ್ದ. ಅದೇ ವರ್ಷ ಮ್ಯಾನಿಟೋಬಾದ ದಿ ಪಾಸ್ ಎಂಬ ಊರಿನಲ್ಲಿ ಹೆಲೆನ್ ಬೆಟ್ಟಿ ಆಸ್ಬೋರ್ನ್ ಎಂಬ 19 ವರ್ಷದ ಕ್ರೀ ಹುಡುಗಿಯ ಕೊಲೆಯಾಯಿತು. ನಾಲ್ವರು ಬಿಳಿಯರು ಅವಳನ್ನು ಕಾರಿನಲ್ಲಿ ಹೊತ್ತೊಯ್ದಿದ್ದರು. ಒಬ್ಬನಿಗೆ ಶಿಕ್ಷೆಯಾಯಿತು, ಅದೂ 1987ರಲ್ಲಿ. 16 ವರ್ಷ!

ಎರಡೂ ಪ್ರಕರಣಗಳ ಬಗ್ಗೆ ದೊಡ್ಡ ವಿಚಾರಣಾ ಆಯೋಗಗಳು ಕೂತವು. ನ್ಯಾಯವ್ಯವಸ್ಥೆ ಮೂಲನಿವಾಸಿಗಳ ವಿಷಯದಲ್ಲಿ ಸೋತಿದೆ ಅಂತ ಎರಡೂ ಹೇಳಿದವು. ಅಷ್ಟರಲ್ಲಿ 1990ರ ಬೇಸಿಗೆ ಬಂತು. ಕ್ವಿಬೆಕ್‌ನ ಓಕಾದಲ್ಲಿ ಗಾಲ್ಫ್ ಮೈದಾನ ವಿಸ್ತರಿಸಲಿಕ್ಕೆ ಮೊಹಾಕ್ ಜನರು ತಮ್ಮದೆನ್ನುವ ಪೈನ್ ಕಾಡು ಕಡಿಯಲು ಹೊರಟಾಗ ಅವರು ರಸ್ತೆ ಕಟ್ಟಿದರು. ಗುಂಡು ಹಾರಿತು, ಒಬ್ಬ ಪೊಲೀಸ್ ಸತ್ತರು, ಸೇನೆ ಬಂತು. 78 ದಿನ ಇಡೀ ದೇಶ ಟಿವಿ ಮುಂದೆ ಕೂತು ನೋಡಿತು.

ಮರುವರ್ಷ, 1991ರಲ್ಲಿ, ಒಟ್ಟಾವಾ ಹೊಸ ನೀತಿ ಘೋಷಿಸಿತು: ಫಸ್ಟ್ ನೇಷನ್ಸ್ ಪೊಲೀಸಿಂಗ್ ಪ್ರೋಗ್ರಾಮ್. ಖರ್ಚಿನಲ್ಲಿ ಶೇ. 52 ಕೇಂದ್ರದ್ದು, ಶೇ. 48 ಪ್ರಾಂತ್ಯದ್ದು. ಸಮುದಾಯ ಬೇಕಾದರೆ ತನ್ನದೇ ಪೊಲೀಸ್ ಪಡೆ ಕಟ್ಟಬಹುದು, ಇಲ್ಲವೇ ಆರ್‌ಸಿಎಂಪಿಯಿಂದ ತನಗಾಗಿ ಮೀಸಲಾದ ಸಿಬ್ಬಂದಿ ಪಡೆಯಬಹುದು. ಸೇವೆಯ ಗುಣಮಟ್ಟ ಪಕ್ಕದ ಊರುಗಳಿಗೆ ಸಮನಾಗಿರಬೇಕು ಅಂತ ನೀತಿಯಲ್ಲೇ ಬರೆದಿತ್ತು. ಒಳ್ಳೆಯ ಆಲೋಚನೆ ಅನ್ನೋದರಲ್ಲಿ ಅನುಮಾನ ಬೇಡ. ನಮ್ಮ ಭಾಷೆ ಮಾತಾಡುವ, ನಮ್ಮ ಅಜ್ಜಿಯ ಹೆಸರು ಗೊತ್ತಿರುವ ಪೊಲೀಸ್ ಬಾಗಿಲಿಗೆ ಬರೋದು ಆ ಊರುಗಳಲ್ಲಿ ನೂರು ವರ್ಷದಲ್ಲಿ ಕಾಣದ ಸಂಗತಿ.

ಆದರೆ ಕೊಂಡಿ ಸಿಕ್ಕಿಕೊಂಡದ್ದು ಆ ಕೊನೆಯ ಪದದಲ್ಲಿ. ಪ್ರೋಗ್ರಾಮ್‌ಗೆ ಹಿಂದೆ ಕಾಯ್ದೆ ಇರಲಿಲ್ಲ. ಅನುದಾನ ಇತ್ತು, ಷರತ್ತು ಇತ್ತು, ಕೊನೆಯ ದಿನಾಂಕ ಇತ್ತು. ಸರ್ಕಾರದ ಕಣ್ಣಲ್ಲಿ ಇದು ಇದ್ದ ಪೊಲೀಸ್ ವ್ಯವಸ್ಥೆಯ ಮೇಲೆ ಸೇರಿಸಿದ ಹೆಚ್ಚುವರಿ ಸೌಲಭ್ಯ. ಊರಿನವರಿಗೆ ದಿನನಿತ್ಯ ಕಾಣುವ ಪೊಲೀಸ್ ಅದೊಂದೇ.

ಹೆಚ್ಚುವರಿ ಸೌಲಭ್ಯ ಅಂದಾಗ ಏನಾಗುತ್ತೆ? 2006ರ ಜನವರಿಯಲ್ಲಿ ಉತ್ತರ ಒಂಟಾರಿಯೊದ ಕಾಶೆಚೆವಾನ್ ಎಂಬ ಊರಿನ ಪೊಲೀಸ್ ಠಾಣೆಗೆ ಬೆಂಕಿ ಬಿತ್ತು. ಲಾಕಪ್‌ನಲ್ಲಿ ಇಬ್ಬರು ಯುವಕರಿದ್ದರು. ಆ ಕಟ್ಟಡದಲ್ಲಿ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಇಬ್ಬರೂ ಬೀಗ ಹಾಕಿದ ಸೆಲ್‌ನಲ್ಲೇ ಸತ್ತರು. ಅವರನ್ನು ಕಾಯುತ್ತಿದ್ದ ಪೊಲೀಸರು ಕ್ರೂರಿಗಳಾಗಿದ್ದರು ಅಂತ ಯಾರೂ ಹೇಳಲಿಲ್ಲ. ಬೇರೆ ಊರಿನ ಠಾಣೆಗಳಿಗೆ ಅನ್ವಯಿಸುವ ಮಾನದಂಡ ಆ ಕಟ್ಟಡಕ್ಕೆ ಕಾನೂನಾಗಿ ಅನ್ವಯಿಸುತ್ತಿರಲಿಲ್ಲ, ಅಷ್ಟೇ. ಒಂಟಾರಿಯೊದ ಪೊಲೀಸ್ ಕಾಯ್ದೆಯ ವ್ಯಾಪ್ತಿಯ ಹೊರಗೆ ಈ ಪಡೆಗಳಿದ್ದವು.

2014ರಲ್ಲಿ ಕೆನಡಾದ ಆಡಿಟರ್ ಜನರಲ್ ವರದಿ ಬಂತು. ನಮ್ಮ ಸಿಎಜಿ ಇದ್ದ ಹಾಗೆ ಅವರು. ಒಪ್ಪಂದ ಮಾಡುವಾಗ ಸಮುದಾಯಗಳ ಮಾತನ್ನು ಸರಿಯಾಗಿ ಕೇಳುತ್ತಿಲ್ಲ, ಠಾಣೆಗಳು ಸುಸ್ಥಿತಿಯಲ್ಲಿವೆ ಅಂತ ಖಾತರಿ ಮಾಡಿಕೊಳ್ಳುತ್ತಿಲ್ಲ ಎಂದು ಆ ವರದಿ ಹೇಳಿತು. ಪ್ರೋಗ್ರಾಮ್ ಶುರುವಾಗಿ ಆಗ 23 ವರ್ಷ.

2022ರ ಸೆಪ್ಟೆಂಬರ್ 4ರ ಬೆಳಗಿನ ಜಾವ ಸಸ್ಕಾಚೆವಾನ್‌ನ ಜೇಮ್ಸ್ ಸ್ಮಿತ್ ಕ್ರೀ ನೇಷನ್‌ನಲ್ಲಿ ಒಬ್ಬ ಚಾಕು ಹಿಡಿದು ಮನೆಯಿಂದ ಮನೆಗೆ ಹೋದ. ಅಲ್ಲಿ ಮತ್ತು ಹತ್ತಿರದ ವೆಲ್ಡನ್ ಎಂಬ ಹಳ್ಳಿಯಲ್ಲಿ ಒಟ್ಟು 11 ಜನರನ್ನು ಕೊಂದ, 17 ಜನ ಗಾಯಗೊಂಡರು. ಊರಿಗೆ ತನ್ನದೇ ಪೊಲೀಸ್ ಇರಲಿಲ್ಲ. ಆರ್‌ಸಿಎಂಪಿ ಮೆಲ್ಫೋರ್ಟ್ ಪಟ್ಟಣದಿಂದ ಬರಬೇಕಿತ್ತು. ಮೊದಲ ಕರೆಯಿಂದ ಅವರು ತಲುಪುವವರೆಗೆ ಸುಮಾರು 40 ನಿಮಿಷ. ಊರಿನಲ್ಲೇ ಠಾಣೆ ಇದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು ಅಂತ ಲೆಕ್ಕ ಹಾಕಲಾಗದು. 40 ನಿಮಿಷ ಅನ್ನೋದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಮಗೆ ಅದು ಮಾಮೂಲು ಸಮಯ. ಬಾಗಿಲ ಹೊರಗೆ ಚಾಕು ಹಿಡಿದವನು ನಿಂತಾಗ ಎಷ್ಟು ದೊಡ್ಡದು, ಯೋಚಿಸಿ.

ಈಗ ಆ ಮೂರು ಪಡೆಗಳ ಕಥೆಗೆ ಬರುತ್ತೇನೆ. ಅವು ರಿನ್ಯೂವಲ್‌ಗೆ ಸಹಿ ಹಾಕಲಿಲ್ಲ, ಯಾಕೆಂದರೆ ಷರತ್ತುಗಳನ್ನು ಓದಿದ್ದವು. ಈ ಹಣದಲ್ಲಿ ಸ್ವಂತ ಠಾಣೆ ಕಟ್ಟಡಕ್ಕೆ ಸಾಲ ತೀರಿಸುವಂತಿಲ್ಲ. ಕೊಲೆ ತನಿಖೆ, ಶ್ವಾನದಳದಂಥ ವಿಶೇಷ ತಂಡ ಇಟ್ಟುಕೊಳ್ಳುವಂತಿಲ್ಲ. ಒಪ್ಪಂದದ ಮಾತುಕತೆಗೆ ವಕೀಲರ ಖರ್ಚೂ ಇದರಲ್ಲಿ ಬರುವುದಿಲ್ಲ. ಒಪ್ಪಿದರೆ ಹಣ, ಇಲ್ಲದಿದ್ದರೆ ಇಲ್ಲ. ನಾನು ಓದದೇ ಸಹಿ ಹಾಕಿದ ಕಾಂಟ್ರ್ಯಾಕ್ಟ್ ಇದ್ದ ಹಾಗೇ. ಅವರು ಮಾತ್ರ ಹಾಕಲಿಲ್ಲ. ಜೂನ್ 30ರಂದು ಫೆಡರಲ್ ಕೋರ್ಟ್ ತಾತ್ಕಾಲಿಕವಾಗಿ ಹಣ ಬಿಡುಗಡೆ ಮಾಡಲು ಆದೇಶಿಸಿತು.

ಕ್ವಿಬೆಕ್‌ನ ಮಾಶ್ಟೆವಿಯಾಟ್ಶ್ ಸಮುದಾಯ ಇನ್ನೊಂದು ದಾರಿ ಹಿಡಿಯಿತು. ಅವರು ಪ್ರತಿ ಸಲ ಸಹಿ ಹಾಕಿದರು, ಪ್ರತಿ ವರ್ಷ ಕೈಯಿಂದ ನಷ್ಟ ತುಂಬಿದರು, ಆಮೇಲೆ ಕೋರ್ಟಿಗೆ ಹೋದರು. ಸಹಿ ಹಾಕಿದ್ದೀರಲ್ಲ, ಮತ್ತೇನು ತಕರಾರು ಅಂತ ಪ್ರಾಂತ್ಯ ಸರ್ಕಾರದ ವಾದ. 2024ರ ನವೆಂಬರ್ 27ರಂದು ಕೆನಡಾದ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಹಣದ ಬಗ್ಗೆ ನಿಜವಾದ ಮಾತುಕತೆಗೇ ಬರದೆ ಅದೇ ಒಪ್ಪಂದ ಮುಂದಿಡುವುದು ಸರ್ಕಾರದ ಗೌರವಕ್ಕೆ ತಕ್ಕದ್ದಲ್ಲ ಎಂದು ಹೇಳಿತು. ಕ್ವಿಬೆಕ್ ಸರ್ಕಾರ 7,67,000 ಡಾಲರಿಗೂ ಹೆಚ್ಚು ಹಣ ಕೊಡಬೇಕಾಯಿತು.

ಇದರಲ್ಲಿ ಖಳನಾಯಕ ಯಾರು ಅಂತ ಹುಡುಕಿದರೆ ಸಿಗುವುದು ಕಷ್ಟ. ಒಟ್ಟಾವಾದ ಆಫೀಸಿನಲ್ಲಿ ಈ ಪ್ರೋಗ್ರಾಮ್ ನಿರ್ವಹಿಸುವವರು ನಮ್ಮ ನಿಮ್ಮಂಥವರೇ. ಎಕ್ಸೆಲ್ ಶೀಟ್, ರಿವ್ಯೂ ಮೀಟಿಂಗ್, ಡೆಡ್‌ಲೈನ್. ಪಾಸ್ ಬರೆದುಕೊಡುತ್ತಿದ್ದ ಏಜೆಂಟ್ ಜನರನ್ನು ಹತೋಟಿಯಲ್ಲಿಡಲಿಕ್ಕೇ ಕೂತಿದ್ದ. ಇವರು ಸಹಾಯ ಮಾಡಲಿಕ್ಕೆ ಕೂತಿದ್ದಾರೆ. ಆದರೆ ಕಾಯ್ದೆ ಇಲ್ಲದ ಕಡೆ ಒಳ್ಳೆಯ ಅಧಿಕಾರಿಯ ಸಹಿಗೂ ಜನ ಕಾಯಲೇಬೇಕು. ಆ ಕಾಯುವಿಕೆ 1885ರಿಂದ ಬದಲಾಗಿಲ್ಲ.

ಮೂಲನಿವಾಸಿಗಳ ಪೊಲೀಸಿಂಗ್ ಅನ್ನು ಅತ್ಯಗತ್ಯ ಸೇವೆ ಎಂದು ಗುರುತಿಸುವ ಕಾನೂನು ತರುವುದಾಗಿ ಕೇಂದ್ರ ಸರ್ಕಾರ 2020ರಲ್ಲಿ ಮಾತು ಕೊಟ್ಟಿತು. 2025ರ ಜನವರಿಯಲ್ಲಿ ಸಂಸತ್ತಿನ ಅಧಿವೇಶನ ಕೊನೆಗೊಂಡಾಗಲೂ ಆ ಕಾನೂನು ಬಂದಿರಲಿಲ್ಲ. ಒಂಟಾರಿಯೊ ಮಾತ್ರ ಒಂದು ಹೆಜ್ಜೆ ಮುಂದಿಟ್ಟಿತು. ಅದರ ಹೊಸ ಪೊಲೀಸ್ ಕಾಯ್ದೆಯಲ್ಲಿ ಮೂಲನಿವಾಸಿ ಪಡೆಗಳು ತಾವೇ ಇಚ್ಛಿಸಿ ಬೇರೆಲ್ಲ ಪಡೆಗಳ ಸಾಲಿಗೆ ಸೇರಲು ದಾರಿ ಇದೆ. ಆ ಕಾಯ್ದೆ ಜಾರಿಗೆ ಬಂದ ದಿನಾಂಕ ನೋಡಿ ನನಗೆ ಸಣ್ಣಗೆ ನಗು ಬಂತು: 2024ರ ಏಪ್ರಿಲ್ 1.

ನಾನು ಪರ್ಮನೆಂಟ್ ಆದ ವರ್ಷವೂ ಒಂದು ಏಪ್ರಿಲ್ 1 ಬಂದಿತ್ತು. ಆವತ್ತು ಬೆಳಿಗ್ಗೆ ಆಫೀಸಿಗೆ ಹೋಗಿ ಮೊದಲು ಮಾಡಿದ ಕೆಲಸ, ಕೆಟ್ಟುಹೋದ ಕುರ್ಚಿ ಬದಲಾಯಿಸಿ ಅಂತ ಒಂದು ಮೇಲ್ ಹಾಕಿದ್ದು. ಮೂರು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದೆ.