ಅಕ್ಕನ ಟೊಂಕ, ಕೂಸಿನ ಬಂಡಿ

ಮಗಳು ಬಾಣಂತನ ಮುಗಿಸಿಕೊಂಡು ಬೆಂಗಳೂರಿಗೆ ಹೊರಡುವ ತಯಾರಿ ನಡೆದಿತ್ತು. ಕೂಸಿಗೆ ಆರನೆಯ ತಿಂಗಳು. ಕೌದಿ, ಕುಂಚಿಗೆ, ಅಂಟಿನುಂಡೆಯ ಡಬ್ಬಿ, ಎಲ್ಲವನ್ನೂ ಕಟ್ಟಿ ಇಡುತ್ತಿದ್ದಾಗ ಅವಳು, “ಅಮ್ಮಾ, ಇವನಿಗೊಂದು ಸ್ಟ್ರಾಲರ್ ತಗೋಬೇಕು. ಯಾವುದು ಚಲೋ ಅಂತ ನೀನೂ ನೋಡು” ಎಂದಳು.

ಫೋನಿನಲ್ಲಿ ಅವಳು ತೋರಿಸಿದ ಬಂಡಿಗಳು ಒಂದೆರಡಲ್ಲ. ಮೂರು ಗಾಲಿಯದು, ನಾಲ್ಕು ಗಾಲಿಯದು, ಒಂದೇ ಕೈಯಲ್ಲಿ ಮಡಚುವಂಥದು, ಕೂಸಿನ ಮುಖ ತಾಯಿಯ ಕಡೆ ತಿರುಗಿಸುವಂಥದು. ಮಸ್ಕಿ ಹತ್ತಿರದ ನಮ್ಮೂರಿನಿಂದ ಕೂಸನ್ನು ಕಳಿಸಿಕೊಡಲೆಂದು ಅಕ್ಕ ಬಂದಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡಿ ನಕ್ಕಳು.

“ಕೂಸಿಗೆ ಗಾಲಿ ಯಾಕ ಬೇಕವ್ವಾ? ನಿಮ್ಮ ಅಮ್ಮನ್ನ ಎರಡು ವರ್ಷ ನಾನು ಟೊಂಕದ ಮ್ಯಾಲೇ ತಿರುಗಿಸೀನಿ. ಯಾವ ಬಂಡಿ ಇತ್ತು ಆಗ?”

ಎಲ್ಲರೂ ನಕ್ಕೆವು. ಆದರೆ ನನಗೆ ನಗು ಅರ್ಧಕ್ಕೇ ನಿಂತಿತು. ನನ್ನನ್ನು ಹೊತ್ತು ತಿರುಗಿಸಿದಾಗ ಅಕ್ಕನಿಗೆ ಎಂಟು ವರ್ಷ. ಮೂರನೇ ಇಯತ್ತೆಯಲ್ಲಿದ್ದ ಅವಳು ನನಗಾಗಿ ಶಾಲೆ ಬಿಟ್ಟವಳು, ಮತ್ತೆ ಹೋಗಲಿಲ್ಲ. ನಾನು ಬಿ.ಎ., ಬಿ.ಎಡ್. ಮಾಡಿ ಇತಿಹಾಸ ಕಲಿಸುವ ಟೀಚರಾದೆ.

ಈ ಬಂಡಿಯ ಇತಿಹಾಸವನ್ನೇ ಒಮ್ಮೆ ನೋಡೋಣ ಅನ್ನಿಸಿತು. ಗಾಲಿಯ ಮೇಲೆ ಕೂಸು ಕೂತದ್ದು ಮೊದಲು ಶ್ರೀಮಂತರ ಮನೆಯಲ್ಲಿ. 1733ರಲ್ಲಿ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕ್‌ನ ಮಕ್ಕಳಿಗಾಗಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಚಿಪ್ಪಿನ ಆಕಾರದ ಪುಟ್ಟ ಸಾರೋಟು ಮಾಡಿಕೊಟ್ಟನಂತೆ. ಅದನ್ನು ಮನುಷ್ಯರು ತಳ್ಳುವ ಮಾತೇ ಇರಲಿಲ್ಲ. ಸಣ್ಣ ಪ್ರಾಣಿಯನ್ನು ಕಟ್ಟಿ ಎಳೆಸಬೇಕಾಗಿತ್ತು. ಮುಂದೆ ವಿಕ್ಟೋರಿಯಾ ರಾಣಿಯ ಕಾಲಕ್ಕೆ ಹಿಂದೆ ಹಿಡಿಕೆ ಇರುವ ದೊಡ್ಡ ಬಂಡಿಗಳು ಬಂದವು. ಅವೇ ಪೆರಾಂಬುಲೇಟರ್, ಜನರ ಬಾಯಲ್ಲಿ ಪ್ರಾಂ. ದೊಡ್ಡ ಮನೆಗಳಲ್ಲಿ ಅದನ್ನು ತಳ್ಳುತ್ತಿದ್ದವಳು ತಾಯಿಯಲ್ಲ, ಸಂಬಳದ ದಾದಿ. 1889ರಲ್ಲಿ ಅಮೆರಿಕದ ಕಪ್ಪು ಜನಾಂಗದ ವಿಲಿಯಂ ರಿಚರ್ಡ್‌ಸನ್ ಎಂಬಾತ ಕೂಸು ಮಲಗುವ ಬುಟ್ಟಿಯನ್ನು ತಳ್ಳುವವರ ಕಡೆಗೆ ತಿರುಗಿಸಲು ಬರುವ ಬಂಡಿಗೆ ಪೇಟೆಂಟ್ ಪಡೆದ.

ನಮ್ಮ ದೇಶಕ್ಕೂ ಪ್ರಾಂ ಬಂದದ್ದು ದೊರೆಗಳ ಜೊತೆಯಲ್ಲೇ. ನಮ್ಮ ಲಿಂಗಸುಗೂರನ್ನು ಹಿರಿಯರು ಛಾವಣಿ ಎಂದು ಕರೆಯುತ್ತಿದ್ದರು. ಹೈದರಾಬಾದ್ ಕಂಟಿಂಜೆಂಟಿನ ಪಡೆ ಬೀಡುಬಿಟ್ಟಿದ್ದ ಊರದು. ಬ್ರಿಟಿಷರ ಕಾಲದ ಛಾವಣಿ ಊರುಗಳ ಬಂಗಲೆಗಳಲ್ಲಿ ಸಾಹೇಬರ ಮಕ್ಕಳನ್ನು ಆಡಿಸಲು ಆಯಾ ಇರುತ್ತಿದ್ದಳು. ಸಾಹೇಬನ ಕೂಸನ್ನು ಅವಳು ಸುತ್ತಾಡಿಸುವಾಗ ಅವಳ ಹೊಟ್ಟೆಯ ಕೂಸು ಮನೆಯಲ್ಲಿ ಯಾರ ಟೊಂಕದ ಮೇಲೆ ಇತ್ತೋ, ಅದನ್ನು ಬರೆದಿಟ್ಟವರು ಕಡಿಮೆ.

ಈಗ ಮನೆಮನೆಗೆ ಬಂದಿರುವ ಮಡಚುವ ಬಂಡಿಯ ಕಥೆ ಮಾತ್ರ ಬೇರೆ. ಓವನ್ ಮೆಕ್ಲಾರೆನ್ ಎಂಬ ಇಂಗ್ಲೆಂಡಿನ ನಿವೃತ್ತ ಎಂಜಿನಿಯರ್ ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳ ಗಾಲಿಯ ಚೌಕಟ್ಟಿನ ಮೇಲೆ ಕೆಲಸ ಮಾಡಿದವರು. ಮಗಳು ಕೂಸನ್ನೂ ಭಾರವಾದ ಬಂಡಿಯನ್ನೂ ಹೊತ್ತುಕೊಂಡು ಊರಿಂದೂರಿಗೆ ಪ್ರಯಾಣ ಮಾಡುವ ಪಾಡನ್ನು ಕಂಡು, 1965ರಲ್ಲಿ ಅಲ್ಯುಮಿನಿಯಂ ಕೊಳವೆಗಳಿಂದ ಛತ್ರಿಯ ಹಾಗೆ ಮಡಚುವ ಬಂಡಿಯೊಂದನ್ನು ರೂಪಿಸಿದರು. ತೂಕ ಮೂರು ಕಿಲೋದ ಆಸುಪಾಸು. ದಾದಿಯಿಲ್ಲದ ಮನೆಗೆ, ಒಬ್ಬಳೇ ಬಸ್ಸು ಹತ್ತುವ ತಾಯಿಗೆ ಹೊಂದುವ ಬಂಡಿ ಅದು. ಅಂದರೆ ಬಂಡಿಯ ಆಕಾರವನ್ನು ನಿರ್ಧರಿಸಿದ್ದು ಕೂಸಲ್ಲ, ಕೂಸನ್ನು ನೋಡಿಕೊಳ್ಳುವ ಕೈ.

ನಮ್ಮ ಸೀಮೆಯಲ್ಲಿ ಆ ಕೈ ಯಾರದಾಗಿತ್ತು? ಮನೆಯಲ್ಲಿ ತೊಟ್ಟಿಲಿತ್ತು. ಉಳ್ಳವರು ಕಲಘಟಗಿಯ ಬಣ್ಣದ ತೊಟ್ಟಿಲು ತರಿಸುತ್ತಿದ್ದರು. ಇಲ್ಲದವರಿಗೆ ಹಳೆಯ ಸೀರೆಯ ಜೋಲಿ. ಜೋಳದ ಹೊಲಕ್ಕೆ ಹೋಗುವ ತಾಯಿ ಬುಟ್ಟಿಯಲ್ಲಿ ಕೂಸನ್ನು ಮಲಗಿಸಿ ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದಳು. ಬದುವಿನ ಬೇವಿನ ಗಿಡಕ್ಕೆ ಜೋಲಿ ಕಟ್ಟಿ, ಸಾಲಿನ ತುದಿಗೆ ಬಂದಾಗೊಮ್ಮೆ ತೂಗಿ, ಮತ್ತೆ ಕಳೆ ತೆಗೆಯಲು ಬಾಗುತ್ತಿದ್ದಳು. ಕುರಿಗಾರರು ಕುರಿಮರಿಗಳ ಜೊತೆ ತಮ್ಮ ಮಕ್ಕಳನ್ನೂ ಕುದುರೆಯ ಮೇಲೆ ಕೂಡಿಸಿಕೊಂಡು ಊರೂರು ತಿರುಗುವುದನ್ನು ನಾವೆಲ್ಲ ನೋಡಿದ್ದೇವೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಒಣಭೂಮಿ ಕ್ರಮೇಣ ಭತ್ತದ ನಾಡಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು; ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಇಲ್ಲೇ ನೆಲೆ ಸಿಕ್ಕಿತು. ನಾಟಿಗೆ ಹೆಣ್ಣಾಳುಗಳು ಬೇಕಾದರು. ಕೂಲಿ ಬಂತು, ಮನೆಯಲ್ಲಿ ಅನ್ನವೂ ಬಂತು. ಆದರೆ ಮೊಣಕಾಲುದ್ದ ಕೆಸರಿನ ಗದ್ದೆಯಲ್ಲಿ ಕೂಸನ್ನು ಎಲ್ಲಿ ಮಲಗಿಸುವುದು? ಗಿಡವಿಲ್ಲ, ನೆರಳಿಲ್ಲ, ಬದುವಿನ ಮೇಲೆ ಹಾವಿನ ಅಂಜಿಕೆ. ಹೀಗೆ ಕೂಸು ಮನೆಯಲ್ಲಿ ಉಳಿಯಿತು. ಅದರ ಜೊತೆ ದೊಡ್ಡ ಮಗಳೂ ಉಳಿದಳು.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಅವ್ವ ಕ್ಯಾಂಪಿನ ನಾಟಿಗೆ ಹೋಗುತ್ತಿದ್ದಳು. ಅಕ್ಕ ನನ್ನನ್ನು ಎತ್ತಿಕೊಂಡು ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳಂತೆ. ನಾನು ಅತ್ತರೆ ಪಾಠ ಕೆಡುತ್ತದೆ ಎಂದು ಮಾಸ್ತರರು ಹೊರಗೆ ಕಳಿಸುತ್ತಿದ್ದರು. ಕೆಲವು ದಿನ ಕಿಟಕಿಯ ಹೊರಗೆ ನಿಂತೇ ಮಗ್ಗಿ ಹೇಳಿದಳು. ಹನ್ನೆರಡರ ಮಗ್ಗಿಯವರೆಗೆ ಅವಳಿಗೆ ಇವತ್ತಿಗೂ ಬಾಯಿಪಾಠ. ಅದರ ಮುಂದಿನದು ಬರುವುದಿಲ್ಲ.

ನಾನು ಟೀಚರಾದ ಮೇಲೂ ಇದು ತಪ್ಪಲಿಲ್ಲ. ನಾಟಿಯ ದಿನಗಳಲ್ಲಿ ಹಾಜರಿ ಪುಸ್ತಕ ತೆರೆದರೆ ಹುಡುಗಿಯರ ಹೆಸರಿನ ಮುಂದೆ ಸಾಲು ಸಾಲಾಗಿ ಗೈರುಹಾಜರಿ. ಕೇಳಿದರೆ, “ತಮ್ಮನ್ನ ಆಡಸ್ತಾಳ್ರೀ ಟೀಚರ್” ಎಂಬ ಒಂದೇ ಉತ್ತರ. 1975ರಲ್ಲಿ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಆರಿಸಿದ 33 ಕಡೆಗಳಲ್ಲಿ ನಮ್ಮ ರಾಜ್ಯದ ಟಿ. ನರಸೀಪುರವೂ ಒಂದಾಗಿತ್ತು. ಅಂಗನವಾಡಿ ದೊಡ್ಡ ಆಸರೆ, ನಿಜ. ಆದರೆ ಅಲ್ಲಿ ದಿನವೂ ಕೂತು ಕಲಿಯುವುದು ಮೂರು ತುಂಬಿದ ಮಕ್ಕಳು. ಎದೆಹಾಲಿನ ಕೂಸಿಗೆ ಅಲ್ಲಿ ಜಾಗವಿರಲಿಲ್ಲ. ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ 4,000 ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ ಹೇಳಿದ್ದು 2023ರಲ್ಲಿ. ನನ್ನ ಅಕ್ಕ ಶಾಲೆ ಬಿಟ್ಟು ಆಗ ಐವತ್ತು ವರ್ಷ ದಾಟಿತ್ತು.

ಮಕ್ಕಳನ್ನು ಮಸ್ಕಿಯ ಗುಡ್ಡಕ್ಕೆ ಕರೆದುಕೊಂಡು ಹೋದಾಗಲೆಲ್ಲ 1915ರಲ್ಲಿ ಸಿಕ್ಕ ಶಾಸನವನ್ನು ತೋರಿಸುತ್ತೇನೆ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನು ಲೋಕಕ್ಕೆ ತಿಳಿಸಿಕೊಟ್ಟ ಬಂಡೆ ಅದು. ರಾಜನ ಹೆಸರಿಗೆ ಬಂಡೆಯ ಸಾಕ್ಷಿ ಇದೆ. ಕೂಸು ಹೊತ್ತ ಹುಡುಗಿಯರ ಇತಿಹಾಸಕ್ಕೆ ಶಾಲೆಯ ಹಳೆಯ ಹಾಜರಿ ಪುಸ್ತಕವೇ ಸಾಕ್ಷಿ.

ಟೊಂಕದ ಮೇಲೆ ಹೊರುವುದು ಕೀಳು ಎಂದು ನಾನು ಹೇಳುತ್ತಿಲ್ಲ. ಮೈಗೆ ಮೈ ತಾಗಿದ ಕೂಸು ಬೇಗ ನಿದ್ದೆ ಹೋಗುತ್ತದೆ. ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಅಂಟಿಸಿ ಕಟ್ಟಿ ಬದುಕಿಸುವ ಪದ್ಧತಿಯನ್ನು 1978ರ ಸುಮಾರಿಗೆ ಕೊಲಂಬಿಯಾದ ಬೊಗೋಟಾದ ವೈದ್ಯರು ಶುರುಮಾಡಿದರು. ಈಗ ನಮ್ಮ ಆಸ್ಪತ್ರೆಗಳಲ್ಲೂ ಅದನ್ನು ಹೇಳಿಕೊಡುತ್ತಾರೆ. ತಾಯಿ, ತಂದೆ, ಅಜ್ಜಿ ಹೊರಲಿ. ಎಂಟು ವರ್ಷದ ಹುಡುಗಿಯ ಟೊಂಕ ಮಾತ್ರ ಮನೆಯ ಬಂಡಿಯಾಗಬಾರದು.

ಕೊನೆಗೆ ಬಂಡಿಯನ್ನು ಆರಿಸುವ ಹೊತ್ತು ಬಂತು. ಮಗಳಿಗೆ ನಾನು ನಾಲ್ಕು ಮಾತು ಕೇಳಿದೆ. ದಿನಾ ತಳ್ಳುವವರು ಯಾರು? ಬಾಗಿಲಾಚೆ ರಸ್ತೆ ಹೇಗಿದೆ? ಮೆಟ್ಟಿಲು ಎಷ್ಟು? ಊರಿಗೆ ಬರುವುದು ಬಸ್ಸಿನಲ್ಲೋ ಕಾರಿನಲ್ಲೋ? ಅವರದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಊರಿಗೆ ರಾತ್ರಿ ಬಸ್ಸು. ಅಂಥವರಿಗೆ ದೊಡ್ಡ ಗಾಲಿಯ ಭಾರದ ಬಂಡಿ ಮೂಲೆ ಹಿಡಿಯುವುದು ಖಂಡಿತ. ಸಿಂಧನೂರಿನ ನಮ್ಮ ಓಣಿಯ ಕಲ್ಲು, ಗಟಾರ, ಭತ್ತದ ಟ್ರ್ಯಾಕ್ಟರುಗಳ ನಡುವೆ ಸಣ್ಣ ಗಾಲಿ ಉರುಳದು. ಇಲ್ಲಿ ಎತ್ತಿಕೊಳ್ಳುವುದೇ ಸರಿ. ಕತ್ತು ನಿಲ್ಲದ, ಕೂಡಲು ಬಾರದ ಕೂಸಿಗೆ ಬೆನ್ನು ಪೂರ್ತಿ ಮಲಗುವ ಬಂಡಿಯೇ ಬೇಕು. ಹೆಗಲು, ಸೊಂಟ, ಕಾಲ ಸಂದು ಸೇರಿ ಐದು ಕಡೆ ಬಿಗಿಯುವ ಪಟ್ಟಿ ಇರಬೇಕು, ಬ್ರೇಕು ಗಟ್ಟಿ ಇರಬೇಕು. ಸಂತೆಯ ಚೀಲವನ್ನು ಹಿಡಿಕೆಗೆ ನೇತುಹಾಕಬಾರದು, ಬಂಡಿ ಹಿಂದಕ್ಕೆ ಮಗುಚೀತು. ಮಡಚುವಾಗ ಕೂಸಿನ ಬೆರಳು ದೂರವಿರಲಿ. ನಮ್ಮ ಬೇಸಿಗೆಯಲ್ಲಿ ಬಿಸಿಲು ತಾಗದಿರಲೆಂದು ಮೇಲೆ ಬಟ್ಟೆ ಮುಚ್ಚುವವರಿದ್ದಾರೆ. ಒಳಗೆ ಗಾಳಿಯಾಡದೆ ಕಾವು ಏರುತ್ತದೆ, ಹಾಗೆ ಮಾಡಬಾರದು. ಇಷ್ಟು ನೋಡಿ ಹಗುರವಾದ, ಮಡಚುವ, ಬೆನ್ನು ಮಲಗುವ ಬಂಡಿಯೊಂದನ್ನು ತರಿಸಿದೆವು.

ಬಂಡಿ ಬಂದ ದಿನ ಸಂಜೆ ನಮ್ಮ ಶಾಲೆಯ ಮೈದಾನಕ್ಕೆ ಹೋದೆವು. ಅಕ್ಕ ಮೊದಲು ದೂರವೇ ನಿಂತಿದ್ದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು ಹಿಡಿಕೆ ಹಿಡಿದಳು. ಒಂದು ಸುತ್ತು, ಎರಡು ಸುತ್ತು. ಕೂಸು ಅವಳ ಮುಖ ನೋಡಿ ನಗುತ್ತಿತ್ತು.

“ಹಗುರ ಐತೆಲ್ಲಾ” ಎಂದಳು. ಸ್ವಲ್ಪ ದೂರ ಹೋಗಿ ಶಾಲೆಯ ಕಿಟಕಿಯ ಹತ್ತಿರ ಬಂಡಿ ನಿಲ್ಲಿಸಿ ಒಳಗೆ ಇಣುಕಿದಳು. ಕರಿಹಲಗೆಯ ಮೇಲೆ ಮಧ್ಯಾಹ್ನ ಯಾರೋ ಬರೆದ ಮಗ್ಗಿ ಹಾಗೆಯೇ ಇತ್ತು.

“ಹದಿಮೂರರದು ಹೆಂಗ ಐತಿ, ಓದು ನೋಡೋಣ” ಎಂದಳು. ನಾನು ಓದಿದೆ. ಅವಳು ಬಂಡಿ ಹಿಡಿದುಕೊಂಡೇ ನನ್ನ ಹಿಂದೆ ಹೇಳಿದಳು.