ಗುಂಡುಕಲ್ಲು, ಚೀಲ ಮತ್ತು ಗರಡಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ ಸೇರಿವೆ. ಭಾರ ಎತ್ತಿ, ಹೊತ್ತು ಮೈ ಗಟ್ಟಿಮಾಡಿಕೊಳ್ಳುವ ರೂಢಿ ಈ ಸೀಮೆಯಲ್ಲಿ ಹಳೆಯದು. ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ‘ಮಾನಸೋಲ್ಲಾಸ’ ಮಲ್ಲರ ಸಾಧನೆಗಳನ್ನು ವಿವರಿಸುತ್ತದೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಅವುಗಳಲ್ಲಿ ಕೆಲವು. ಭಾರ ಎತ್ತುವುದು, ನಡಿಗೆ, ಈಜು, ಕಂಬದ ಕಸರತ್ತು ಆಗಲೇ ಒಂದೇ ಶಿಕ್ಷಣದ ಅಂಗಗಳಾಗಿದ್ದವು.

ಊರಿನ ಗರಡಿಮನೆಯ ಸಲಕರಣೆ ಸರಳ: ಕೆಮ್ಮಣ್ಣಿನ ಅಖಾಡ, ಮರದ ಗದೆ, ನುಣುಪಾದ ಗುಂಡುಕಲ್ಲು, ಹಿಡಿಕೆ ಕೊರೆದ ಸಂಗ್ರಾಣಿ ಕಲ್ಲು. ಗುಂಡುಕಲ್ಲಿಗೆ ಹಿಡಿತವಿಲ್ಲ. ಅದನ್ನು ತಬ್ಬಿ ಮೊದಲು ತೊಡೆಗೆ, ಆಮೇಲೆ ಎದೆಗೆ, ಕೊನೆಗೆ ಹೆಗಲಿಗೆ ತಂದು ಹಿಂದಕ್ಕೆ ಚೆಲ್ಲಬೇಕು. ಬೆನ್ನು, ಸೊಂಟ, ತೋಳು ಒಟ್ಟಿಗೆ ದುಡಿಯುತ್ತವೆ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆ, ನಾಗರಪಂಚಮಿ, ಜಾತ್ರೆಗಳು ಇಂಥ ಕಲ್ಲೆತ್ತುವ ಪಂದ್ಯಗಳ ಕಾಲ.

ಚೀಲ ಹೊತ್ತು ನಡೆಯುವ ಸ್ಪರ್ಧೆ ಒಕ್ಕಲುತನದಿಂದಲೇ ಬಂದದ್ದು. ಕಣದಿಂದ ಹಗೇವಿಗೆ, ಬಂಡಿಯಿಂದ ಅಡತಿ ಅಂಗಡಿಗೆ ಕ್ವಿಂಟಲ್ ತೂಗುವ ಜೋಳದ ಚೀಲ ಬೆನ್ನ ಮೇಲೆಯೇ ಸಾಗುತ್ತಿತ್ತು. ಎತ್ತುವುದಕ್ಕೆ ಕ್ಷಣದ ಬಲ ಸಾಕು. ಹೊತ್ತು ನಡೆಯಲು ಉಸಿರು, ಕಾಲು, ಹಿಡಿತ ಮೂರೂ ತಾಳಬೇಕು.

ದುಡಿಮೆಯ ಹೊರೆಗೆ ಮಿತಿ ಬೇಕೆಂಬ ಅರಿವು ತಡವಾಗಿ ಬಂತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ವಯಸ್ಕ ಗಂಡಾಳಿಗೆ 55 ಕಿಲೋ ಗರಿಷ್ಠವೆಂದು ಶಿಫಾರಸು ಮಾಡಿತು. ಮಾರುಕಟ್ಟೆಗಳಲ್ಲಿ 50 ಕಿಲೋ ಚೀಲ ರೂಢಿಯಾದಂತೆ, ಕ್ವಿಂಟಲ್ ಹೊರುವುದು ಹಮಾಲರ ದಿನದ ಕೆಲಸಕ್ಕಿಂತ ಜಾತ್ರೆಯ ಪಂದ್ಯವಾಗಿ ಹೆಚ್ಚು ಉಳಿಯಿತು.